ಕೋವಿಯದೋ, ಕೈಯದೋ

ಅಪ್ಪನ ಕೈ ನಡುಗುತ್ತಿದೆ ಎಂದು ಮೊದಲು ಹೇಳಿದ್ದು ಅಮ್ಮ. ಅಪ್ಪನಿಗೆ ಹೇಳಲು ಅವಳಿಗೆ ಧೈರ್ಯವಿರಲಿಲ್ಲ, ಮಹಡಿ ಹತ್ತಿ ಬಂದು ನನ್ನ ಕಿವಿಯಲ್ಲಿ ಹೇಳಿ ಇಳಿದುಹೋದಳು. ವಿಷಯ ಕೇಳಿಸಿಕೊಂಡು ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಮಾರನೆಯ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯ ಮುಂದೆಯೇ ಕೇಳಿಬಿಟ್ಟೆ.

"ಅಪ್ಪ, ಡಾಕ್ಟ್ರ ಹತ್ರ ಹೋಗ್ಬರೋಣ. ನಿಮ್ಮ ಬಲಗೈ ನಡುಗ್ತಾ ಇದೆ."

"ಯಾರ್ ಹೇಳಿದ್ದು?"

"ಯಾರ್ ಯಾಕೆ ಹೇಳ್ಬೇಕು? ಹೋದ್ ಭಾನುವಾರ ರೇಂಜಲ್ಲಿ ನೀವು ಹೊಡೆದ ಪೇಪರೇ ಹೇಳುತ್ತೆ. ಐದು ಗುಂಡು ಐದು ಊರಿಗೆ ಹೋಗಿವೆ."

ಅಪ್ಪ ಚಮಚ ಕೆಳಗಿಟ್ಟರು. "ಅದು ರೈಫಲ್ ಕೆಟ್ಟಿರೋದು ಕಣೇ. ಅಷ್ಟು ಹಳೇ ರೈಫಲ್ಲು, ಎಲ್ಲೋ ಏನೋ ಸಡಿಲ ಆಗಿದೆ."

"ರೈಫಲ್ಲಿಗೆ ಏನೂ ಆಗಿಲ್ಲ."

"ಆಗಿಲ್ಲ ಅಂತ ತೋರ್ಸು. ರೈಫಲ್ ಸರಿಯಾಗಿದೆ ಅಂತ ನೀನು ತೋರಿಸಿದ ಮಾರನೇ ದಿನವೇ ಡಾಕ್ಟ್ರ ಹತ್ರ ಬರ್ತೀನಿ. ಅಲ್ಲೀವರೆಗೂ ಈ ಮನೇಲಿ ಯಾರೂ ನನ್ನ ಕೈ ಸುದ್ದಿ ಎತ್ತಕೂಡದು."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು. ನಾನು "ಆಯ್ತು" ಎಂದೆ. ಹಠದಲ್ಲಿ ನಾನೂ ಅಪ್ಪನ ಮಗಳೇ.

ನಮ್ಮದು ಅತ್ತಿಗುಪ್ಪೆಯ ಮನೆ. ಅಪ್ಪ ಅಮ್ಮ ಕೆಳಗೆ, ನಾನು ಮೇಲೆ. ವಿಜಯನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ನಾನು. ಅಪ್ಪನ ರೈಫಲ್ಲು ತಾತನ ಕಾಲದ್ದು. ಹೆಗ್ಗನಹಳ್ಳಿಯ ಕಡೆ ನಮಗೆ ಹೊಲವಿದ್ದಾಗ ಕಡಲೆಕಾಯಿ ಬೆಳೆಗೆ ಬರುವ ಮೊಲಕ್ಕೆ, ಹಂದಿಗೆ ಅಂತ ತಾತ ಲೈಸೆನ್ಸ್ ಮಾಡಿಸಿ ತಂದಿದ್ದರಂತೆ. ಹರೆಯದಲ್ಲಿ ಅಪ್ಪ ಅದನ್ನು ಹೆಗಲಿಗೇರಿಸಿಕೊಂಡು ಮಾಗಡಿ ರಸ್ತೆಯಾಚೆಯ ಕುರುಚಲು ಕಾಡೆಲ್ಲ ಅಲೆದವರು. ಆಮೇಲೆ ಬೇಟೆಗೆ ಕಾನೂನು ಅಡ್ಡ ಬಂತು, ಹೊಲಗಳು ಸೈಟುಗಳಾದವು, ರೈಫಲ್ಲು ಮಾತ್ರ ಉಳಿಯಿತು. ಅಂದಿನಿಂದ ಅಪ್ಪ ಹೊಡೆಯುವುದು ಕಾಗದಕ್ಕೆ. ಕೆಂಗೇರಿ ದಾಟಿದರೆ ಒಂದು ಸಣ್ಣ ಕ್ಲಬ್ಬಿನ ರೇಂಜ್ ಇದೆ. ಹದಿನಾಲ್ಕು ವರ್ಷದವಳಿದ್ದಾಗ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ, ಉಸಿರು ಯಾವಾಗ ಬಿಡಬೇಕು, ಯಾವಾಗ ಹಿಡಿಯಬೇಕು ಎಂದು ಕಲಿಸಿದವರು ಅವರೇ. ಆಗ ಐವತ್ತು ಮೀಟರಿನಲ್ಲಿ ಅಪ್ಪ ಹೊಡೆದ ಐದು ಗುಂಡುಗಳನ್ನು ಒಂದು ಹುಣಸೆಬೀಜದಿಂದ ಮುಚ್ಚಬಹುದಿತ್ತು. ಇದು ಮಗಳ ಉತ್ಪ್ರೇಕ್ಷೆ ಅಂತ ಬೇಕಾದರೆ ಅಂದುಕೊಳ್ಳಿ, ನನಗೇನೂ ಬೇಜಾರಿಲ್ಲ.

ಅಂಥ ಮನುಷ್ಯನ ಕಾಗದ ಒಂದು ವರ್ಷದಿಂದ ಕಡಲೆ ಎರಚಿದ ಹಾಗೆ ಕಾಣುತ್ತಿತ್ತು.

ಒಪ್ಪಂದವಾದ ದಿನದಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಪಾಠ ಮಾಡುತ್ತಾ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದಿದ್ದೇ ನಡೆದಿದ್ದು. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ತಲೆ ತಿರುಗ್ತಾ ಇದೆ" ಎಂದಳು. ಬೈದು ಕೂರಿಸಿದೆ. ಪಾಪ, ಅವಳದೇನು ತಪ್ಪು? ನನಗೆ ಬೇಕಾಗಿದ್ದು ಒಂದೇ, ಅಪ್ಪನನ್ನು ಆದಷ್ಟು ಬೇಗ ಡಾಕ್ಟರ ಮುಂದೆ ಕೂರಿಸುವುದು. ಅದಕ್ಕೆ ರೈಫಲ್ಲು ನೆಟ್ಟಗಿದೆ ಎಂದು ಸಾಬೀತಾಗಬೇಕಿತ್ತು. ಒಂದು ಭಾನುವಾರದ ಕೆಲಸ ಎಂದುಕೊಂಡೆ.

ಆ ಭಾನುವಾರ ರೇಂಜಿಗೆ ಹೋದವಳೇ ತೋಳು ಮಡಚಿ ಶುರುಮಾಡಿದೆ. ತೋಟಾ ಬೇರೆ ಡಬ್ಬಿಯದು ಹಾಕಿದೆ. ರೈಫಲ್ಲಿನ ಮೇಲಿನ ದುರ್ಬೀನಿನ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದೆ. ನಳಿಗೆಯೊಳಗೆ ಬ್ರಷ್ ಆಡಿಸಿದೆ, ಎಣ್ಣೆಬಟ್ಟೆ ಹಾಕಿ ಒರೆಸಿದೆ. ಕೈಯ ನಡುಕದ ಪ್ರಶ್ನೆಯೇ ಬರಬಾರದೆಂದು ರೈಫಲ್ಲನ್ನು ಮರಳಿನ ಚೀಲದ ಮೇಲೆ ಮಲಗಿಸಿ ನಾನೇ ಹತ್ತು ಗುಂಡು ಹೊಡೆದೆ. ಕಾಗದ ತಂದು ನೋಡಿದೆ. ನನ್ನ ಗುಂಡುಗಳೂ ಒಂದು ಕಡೆ ಬಿದ್ದಿರಲಿಲ್ಲ.

ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಪ್ಪ ಬಲಗೈಯನ್ನು ಎಡಗಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದರು. "ಏನಮ್ಮಾ, ನಿನ್ನ ಕೈಯೂ ನಡುಗ್ತಾ?" ಎಂದರು. ಮೈಯೆಲ್ಲ ಉರಿದುಹೋಯಿತು.

ರೇಂಜಿನಲ್ಲಿ ಬಂದೂಕು ರಿಪೇರಿ ನೋಡಿಕೊಳ್ಳುವವರು ಒಬ್ಬರಿದ್ದಾರೆ. ಬಾಗಲಕೋಟೆ ಕಡೆಯವರು, ಸೈನ್ಯದಲ್ಲಿ ಇದೇ ಕೆಲಸ ಮಾಡಿ ರಿಟೈರಾಗಿ, ಮಗಳ ಮನೆ ಕೆಂಗೇರಿಯಲ್ಲಿದೆ ಅಂತ ಇಲ್ಲಿಗೆ ಬಂದವರು. ನಾವೆಲ್ಲ ಮೇಸ್ತ್ರಿ ಎನ್ನುತ್ತೇವೆ. ನಾನು ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡದ್ದನ್ನು ನೋಡಿ ಅವರು ಎದ್ದು ಬಂದರು.

"ಅಕ್ಕಾರ, ಏನ್ ನಡಸೀರಿ ಇದು?"

"ರಿಪೇರಿ ಮಾಡ್ತಾ ಇದೀನಿ."

"ರಿಪೇರಿ ಅಲ್ರೀ ಇದು, ಜಗಳ. ತ್ವಾಟಾ ಬದಲ ಮಾಡೀರಿ, ಸ್ಕ್ರೂ ತಿರುವೀರಿ, ನಳಗಿ ತೊಳದೀರಿ, ಎಲ್ಲಾ ಒಮ್ಮೆಲೇ. ಈಗ ಏನರ ಆದ್ರ ಯಾವದರಿಂದ ಆತು ಅಂತ ಹೆಂಗ ತಿಳೀಬೇಕ? ಒಂದ ಸಲಕ್ಕ ಒಂದ ಮಾಡ್ರಿ. ಮಾಡಿ, ಹೊಡದು, ನೋಡ್ರಿ. ಆಮ್ಯಾಲೆ ಮುಂದಿಂದು."

ಇದನ್ನು ವರ್ಷಕ್ಕೆ ಆರು ಸೆಕ್ಷನ್ನುಗಳಿಗೆ ಬೋರ್ಡಿನ ಮೇಲೆ ಬರೆದು ಹೇಳಿಕೊಡುವವಳು ನಾನು! ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಹಾಗೇ ಇಡಬೇಕು, ಆಗಲೇ ಪ್ರಯೋಗ ಎನಿಸಿಕೊಳ್ಳುವುದು ಅಂತ. ನಾಚಿಕೆಯಾಯಿತು. ಅಪ್ಪ ಕುರ್ಚಿಯಲ್ಲಿ ಮುಸಿಮುಸಿ ನಗುತ್ತಿದ್ದರು.

ಮುಂದಿನ ಭಾನುವಾರ ಮೇಸ್ತ್ರಿ ಹೇಳಿದಂತೆ ನಡೆದೆವು. ಮೊದಲು ತೋಟಾ. ಮೂರು ಡಬ್ಬಿ, ಒಂದೊಂದರಲ್ಲಿ ಐದು ಗುಂಡು, ನಡುವೆ ನಳಿಗೆ ಆರಲು ಬಿಡಬೇಕು. ಕಾಯುವುದೆಂದರೆ ನನಗೆ ಶಿಕ್ಷೆ. ಚಪ್ಪಲಿಯಲ್ಲಿ ಮಣ್ಣು ಕೆರೆಯುತ್ತಾ ಅತ್ತಿಂದಿತ್ತ ಓಡಾಡಿದೆ. ತೋಟಾದಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಮೇಸ್ತ್ರಿ ದುರ್ಬೀನನ್ನೇ ಬಿಚ್ಚಿ ಪಕ್ಕಕ್ಕಿಟ್ಟರು. ನಳಿಗೆಯ ಮೇಲಿನ ಹಳೇ ಕಬ್ಬಿಣದ ಗುರಿಮೊನೆ ನೋಡಿಯೇ ಹೊಡೆದೆ. ಅದೇ ಹಾಡು. ಆದರೆ ಪ್ರತಿ ಗುಂಡು ಬಿದ್ದಾಗಲೂ ಬೈನಾಕ್ಯುಲರಿನಲ್ಲಿ ನೋಡಿ ಕ್ರಮ ಬರೆದುಕೊಂಡಿದ್ದ ಮೇಸ್ತ್ರಿ ಕಾಗದಗಳನ್ನು ಸಾಲಾಗಿ ಮೇಜಿನ ಮೇಲೆ ಹರಡಿ ಬೆರಳಿಟ್ಟು ತೋರಿಸಿದರು.

"ನೋಡ್ರಿ. ಮೊದಲಿನ ಮೂರು ಗುಂಡು ಒಂದ ಕಡೆ ಅದಾವ. ನಾಕನೇದು ಸ್ವಲ್ಪ ಮ್ಯಾಲ. ಐದನೇದು ಇನ್ನೂ ಮ್ಯಾಲ. ನಳಗಿ ಕಾದಂಗ ಮ್ಯಾಲ ಹತ್ತಾಕತ್ತಾವ. ನಾಕೂ ಪೇಪರದಾಗ ಇದ ಕತಿ. ನಳಗೀನ ಏನೋ ಒತ್ತಾಕತ್ತೇತಿ."

ನಳಿಗೆ ಕೆಳಗಿನ ಮರಕ್ಕೆ ತಾಗದಂತೆ ಕೂದಲಷ್ಟು ಜಾಗ ಬಿಟ್ಟುಕೊಂಡು ನಿಂತಿರಬೇಕಂತೆ. ತಾಗಿದರೆ ಕಾದ ಹಾಗೆಲ್ಲ ಮರ ಅದನ್ನು ತಳ್ಳುತ್ತದೆ, ಗುಂಡು ದಾರಿ ಬದಲಿಸುತ್ತದೆ. ಮೇಸ್ತ್ರಿ ಜೇಬು ತಡಕಿ ಬೆಳಿಗ್ಗೆಯ ಬಸ್ ಟಿಕೆಟ್ ತೆಗೆದು, ನಳಿಗೆಯ ಅಡಿಯಲ್ಲಿ ತೂರಿಸಿ ಹಿಂದಕ್ಕೆ ಎಳೆಯುತ್ತಾ ಹೋದರು. ಟಿಕೆಟ್ಟು ಒಂದು ಗೇಣು ಸರಾಗವಾಗಿ ಹೋಗಿ ಅಲ್ಲಿ ನಿಂತಿತು. ಇನ್ನೊಂದು ಸಲ ಎಳೆದರು. ಅದೇ ಜಾಗದಲ್ಲಿ ನಿಂತಿತು. ಅಪ್ಪ ಕುರ್ಚಿಯಿಂದ ಎದ್ದು ಬಂದರು.

ಅಡಿಯ ಎರಡು ಸ್ಕ್ರೂ ಬಿಚ್ಚಿ ನಳಿಗೆಯನ್ನು ಮರದಿಂದ ಮೇಲೆತ್ತಿದರು ಮೇಸ್ತ್ರಿ. ಮರದ ತೋಡಿನಲ್ಲಿ ಕಂದು ಬಣ್ಣದ ಗಟ್ಟಿ ಉಂಡೆಯೊಂದು ಕೂತಿತ್ತು. ಚಿಮಟಿಯಲ್ಲಿ ಹಿಡಿದು ಎಳೆದರೆ ಬಿಚ್ಚಿಕೊಂಡು ಉದ್ದವಾಯಿತು. ದಾರ. ಎಣ್ಣೆ ಕುಡಿದು, ಅರಿಶಿನ ಕುಂಕುಮ ಮೆತ್ತಿಕೊಂಡು, ಒಂದರ ಮೇಲೊಂದು ಕೂತು ಚಕ್ಕೆಯಾದ ದಾರ.

"ಯಾರ ಕೆಲಸರೀ ಇದು?" ಎಂದರು ಮೇಸ್ತ್ರಿ.

ನನ್ನ ಕೆಲಸ. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಕಾರಿನಿಂದ ಹಿಡಿದು ಈಳಿಗೆಮಣೆಯವರೆಗೆ ಎಲ್ಲಕ್ಕೂ ಪೂಜೆ. ರೈಫಲ್ಲೆಂದರೆ ಅಮ್ಮನಿಗೆ ಭಯ, ಅದಕ್ಕೆ ಅದರ ಪೂಜೆ ಮೊದಲಿನಿಂದಲೂ ನನ್ನ ಪಾಲಿಗೆ. ಅರಿಶಿನದ ದಾರಕ್ಕೆ ಹೂವು ಕಟ್ಟಿ, ನಳಿಗೆ ಮರ ಎರಡೂ ಸೇರುವಂತೆ ಸುತ್ತಿ ಗಂಟು ಹಾಕುತ್ತಿದ್ದೆ. ಪೂಜೆಯ ದಾರವನ್ನು ಕತ್ತರಿಸಬಾರದು, ತಾನಾಗಿ ಸವೆದು ಬೀಳಬೇಕು ಎಂದು ಅಜ್ಜಿ ಹೇಳಿಕೊಟ್ಟಿದ್ದರು. ಆದರೆ ರೇಂಜಿಗೆ ಹೂದಾರ ತೊಡಿಸಿಕೊಂಡು ಹೋದರೆ ಜನ ನಗುವುದಿಲ್ಲವೇ? ಅದಕ್ಕೆ ಹೂವು ಉದುರಿಸಿ, ದಾರವನ್ನು ಬಿಚ್ಚಿ, ಹೇರ್‌ಪಿನ್ನಿನಿಂದ ನಳಿಗೆ ಮತ್ತು ಮರದ ನಡುವಿನ ಸಂದಿಗೆ ತುರುಕಿಬಿಡುತ್ತಿದ್ದೆ. ಕತ್ತರಿಸಿದ ಹಾಗೂ ಆಗಲಿಲ್ಲ, ಕಣ್ಣಿಗೂ ಕಾಣಲಿಲ್ಲ. ಎಷ್ಟು ಬುದ್ಧಿವಂತೆ ನಾನು ಅಂತ ನನಗೇ ಮೆಚ್ಚುಗೆಯಿತ್ತು. ಎಷ್ಟು ದಸರೆಗಳ ದಾರ ಅಲ್ಲಿ ಕೂತಿತ್ತೋ ದೇವರೇ ಬಲ್ಲ.

ಹೇಳಿದಾಗ ಮೇಸ್ತ್ರಿ ಹಣೆ ಚಚ್ಚಿಕೊಂಡು ನಕ್ಕರು. ಅಪ್ಪ ನಗಲಿಲ್ಲ. ಆ ಕೊಳಕು ದಾರವನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಅವರ ಮುಖ ನಿಧಾನವಾಗಿ ಅರಳಿತು.

"ನೋಡ್ದಾ? ನಾನು ಹೇಳ್ಲಿಲ್ವಾ ರೈಫಲ್ ಕೆಟ್ಟಿದೆ ಅಂತ? ಡಾಕ್ಟ್ರ ಹತ್ರ ಹೋಗ್ಬೇಕಾಗಿರೋಳು ನೀನು. ತಲೆ ತೋರ್ಸೋಕೆ!"

ನನಗೆ ಬೈಸಿಕೊಂಡದ್ದಕ್ಕೆ ಇಷ್ಟು ಖುಷಿ ಎಂದೂ ಆಗಿರಲಿಲ್ಲ. ಪಂದ್ಯದಲ್ಲಿ ಸೋತಿದ್ದೆ, ಸೋತು ಕುಣಿಯುವಂತಾಗಿತ್ತು. ಅಪ್ಪನಿಗೆ ಏನೂ ಆಗಿಲ್ಲ! ತಪ್ಪೆಲ್ಲ ನನ್ನದು, ನನ್ನ ದಾರದ್ದು! ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. "ನಿನ್ನ ಕೈಗೆ ಹಾವು ಕಡಿಯಾ" ಎಂದು ಬೈಯುತ್ತಲೇ ಅಮ್ಮ ಅಳತೊಡಗಿದಳು.

ನನ್ನ ಚೀಲದಲ್ಲಿ ಅಪ್ಪ ಹಿಂದೆ ಹೊಡೆದಿದ್ದ ಕಾಗದಗಳಿದ್ದವು, ಮೇಸ್ತ್ರಿ ಅವನ್ನು ತೆಗೆದು ಒಂದೊಂದಾಗಿ ನೋಡಿದರು. ಅಪ್ಪ ನೀರು ಕುಡಿಯಲು ಆಚೆ ಹೋದಾಗ ತಗ್ಗಿದ ದನಿಯಲ್ಲಿ ಕೇಳಿದರು.

"ಇವು ಅಪ್ಪಾರು ಹೊಡದಿದ್ದಾ?"

"ಹೌದು."

"ದಾರದ ತಪ್ಪಾದ್ರ ಮ್ಯಾಲ ಒಂದ ಕಡೆ ಹೊಕ್ಕಾವ್ರಿ ಅಕ್ಕಾರ. ಇವು ಸುತ್ತೂ ಕಡೆ ಅದಾವ."

"ಎರಡು ಕೆಟ್ಟಿದ್ರೆ ಹಾಗೇ ಇರುತ್ತೆ ಬಿಡಿ" ಎಂದುಬಿಟ್ಟೆ. ಎರಡು ಎಂದರೆ ಯಾವ ಎರಡು ಎಂದು ಅವರು ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಯೋಚಿಸಲು ನನಗೆ ಇಷ್ಟವಿರಲಿಲ್ಲ. ಕಾಗದಗಳನ್ನು ಅವರ ಕೈಯಿಂದ ಕಸಿದುಕೊಂಡಂತೆ ತೆಗೆದುಕೊಂಡು ಚೀಲಕ್ಕೆ ಹಾಕಿದೆ.

ಆ ವಾರ ನಮ್ಮ ಮನೆಯಲ್ಲಿ ಹಬ್ಬ. ಅಪ್ಪ ಬೆಳಿಗ್ಗೆ ಎದ್ದು ರೇಡಿಯೋ ಹಾಕಿಕೊಂಡರು. ಹಾಲಿನವನ ಹತ್ತಿರವೂ ದಾರದ ಕತೆ ಹೇಳಿದರು, ಪಕ್ಕದ ಮನೆಯವರ ಹತ್ತಿರವೂ ಹೇಳಿದರು. "ನಮ್ಮ ಮೇಡಮ್ಮು, ವಿಜ್ಞಾನದ ಮೇಡಮ್ಮು" ಎಂದು ಶುರುಮಾಡಿದರೆ ಮುಗಿಯುತ್ತಲೇ ಇರಲಿಲ್ಲ. ಗುರುವಾರ ನಾನು ಕೆಳಗಿಳಿದು ಬಂದಾಗ ಕನ್ನಡಿಯ ಮುಂದೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಗುಂಡಿ ಕಾಜದ ಸುತ್ತ ಅಲೆಯುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ಕನ್ನಡಿಯಲ್ಲಿ ನನ್ನನ್ನು ಕಂಡು ಕೈ ಕೆಳಗೆ ಬಿಟ್ಟರು. ನಾನು ಕಾಣದವಳಂತೆ ಅಡುಗೆಮನೆಗೆ ಹೋದೆ. ನನಗೆ ಭಯವಾಗಿತ್ತು. ಭಯವಾದಾಗ ನನಗೆ ಕೋಪ ಬರುತ್ತದೆ, ಚಟ್ನಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಅಮ್ಮನ ಮೇಲೆ ಹರಿಹಾಯ್ದೆ. ಅಮ್ಮ ನನ್ನ ಮುಖ ನೋಡಿ ಚಟ್ನಿಯ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು.

ಭಾನುವಾರ ಮೈಸೂರು ರಸ್ತೆಯಲ್ಲಿ ಇರುವೆ ನುಸುಳಲೂ ಜಾಗವಿರಲಿಲ್ಲ. ಸ್ಟೀರಿಂಗ್ ಮೇಲೆ ಬೆರಳು ಕುಟ್ಟುತ್ತಾ ಕೂತಿದ್ದೆ. ಪಕ್ಕದಲ್ಲಿ ಅಪ್ಪ, "ಯಾಕ್ ಹಂಗೆ ಒದ್ದಾಡ್ತೀಯ? ರೇಂಜು ಎಲ್ಲೂ ಓಡಿಹೋಗಲ್ಲ" ಎಂದರು. ಆದರೆ ಅವರ ಕಾಲೂ ಸುಮ್ಮನಿರಲಿಲ್ಲ.

ಮೇಸ್ತ್ರಿ ರೈಫಲ್ಲಿನ ತೋಡು ಒರೆಸಿ, ಸ್ಕ್ರೂ ಬಿಗಿದು, ಬಸ್ ಟಿಕೆಟ್ಟನ್ನು ಈ ತುದಿಯಿಂದ ಆ ತುದಿಗೆ ಎಳೆದು ತೋರಿಸಿ ಕೊಟ್ಟರು. ಮೊದಲು ನಾನು ಕೂತೆ. ದುರ್ಬೀನಿಲ್ಲ, ಮರಳಿನ ಚೀಲ, ಐದು ಗುಂಡು. ಮೇಸ್ತ್ರಿಯ ಬೈನಾಕ್ಯುಲರಿನಲ್ಲಿ ನೋಡಿದೆ, ಐದೂ ಒಂದೇ ತೂತಿನೊಳಗೆ ತಳ್ಳಾಡಿಕೊಂಡು ಹೋದಂತಿದ್ದವು. ಒಂದು ವರ್ಷದಿಂದ ಆ ರೈಫಲ್ಲು ಹೀಗೆ ಹೊಡೆದಿರಲಿಲ್ಲ. ಮೇಸ್ತ್ರಿ "ಭಾರೀ" ಎಂದರು.

ಅಪ್ಪ ಕೂತರು. "ಮರಳಿನ ಚೀಲ ಬೇಡ, ತೆಗಿ" ಎಂದರು. ಮೊಣಕೈಗಳನ್ನು ಮೇಜಿಗೆ ಊರಿ, ಕೆನ್ನೆಯನ್ನು ಮರಕ್ಕೆ ಒತ್ತಿದರು. ಪಕ್ಕದಿಂದ ನೋಡುತ್ತಿದ್ದ ನನಗೆ ನಳಿಗೆಯ ತುದಿ ಸಣ್ಣಗೆ ಗುಂಡಗೆ ಸುತ್ತುವುದು ಕಾಣಿಸಿತು. ನಿಲ್ಲಲಿ, ನಿಲ್ಲಲಿ ಎಂದು ಹಲ್ಲು ಕಚ್ಚಿದೆ. ಅದು ನಿಲ್ಲಲಿಲ್ಲ. ಮೊದಲ ಗುಂಡು. ಬೋಲ್ಟು ಹಿಂದಕ್ಕೆಳೆಯುವಾಗ ಕಟಕಟ ಸದ್ದು. ಎರಡು. ಮೂರು. ಪ್ರತಿ ಗುಂಡಿಗೂ ಅವರು ತೆಗೆದುಕೊಳ್ಳುವ ಹೊತ್ತು ಹೆಚ್ಚುತ್ತಾ ಹೋಯಿತು. ಐದನೆಯದಕ್ಕೆ ಮೂರು ಸಲ ಕೆನ್ನೆ ಎತ್ತಿ ಮತ್ತೆ ಇಟ್ಟರು. ಮೇಸ್ತ್ರಿ ಯಾವುದೋ ಕೆಲಸವಿದ್ದವರಂತೆ ಬೈನಾಕ್ಯುಲರ್ ಎತ್ತಿಕೊಂಡು ಒಳಗೆ ಹೋದರು.

ಕಾಗದ ತರಲು ನಾನು ನಡೆದೆ. ಐವತ್ತು ಮೀಟರು ಅಂದು ಮುಗಿಯಲೇ ಇಲ್ಲ. ಪಕ್ಕಪಕ್ಕದಲ್ಲಿ ಎರಡು ಹಾಳೆಗಳಿದ್ದವು. ನನ್ನದರ ನಡುವೆ ಒಂದೇ ಒಂದು ಹರಕು ತೂತು. ಅಪ್ಪನದರಲ್ಲಿ ಒಂದು ತೂತು ಕೆಳಗೆ, ಒಂದು ಮೇಲೆ, ಎರಡು ಅಂಚಿನಲ್ಲಿ. ಈಗ ರೈಫಲ್ಲಿನ ಮೇಲೆ ಹೇಳುವಂಥದ್ದು ಏನೂ ಉಳಿದಿರಲಿಲ್ಲ. ಅವರು ಹಿಡಿದುಕೊಂಡಿದ್ದ ಒಂದೇ ಒಂದು ನೆಪವನ್ನು ನಾನೇ ಚಿಮಟಿ ಹಿಡಿದು ಎಳೆದು ಹಾಕಿದ್ದೆ. ಆ ದಾರವನ್ನು ಅಲ್ಲೇ ಬಿಟ್ಟಿದ್ದರೆ ಏನಾಗುತ್ತಿತ್ತು? ಹಿಂತಿರುಗಿ ನೋಡಿದೆ. ಅಪ್ಪ ಮೇಜಿನ ಹಿಂದೆ ಕೂತೇ ಇದ್ದರು, ಅಲ್ಲಿಂದ ಅವರಿಗೆ ಹಾಳೆ ಕಾಣಿಸುವಂತಿರಲಿಲ್ಲ.

ಎರಡೂ ಹಾಳೆಗಳನ್ನು ಕಿತ್ತುಕೊಂಡೆ. ದಾರಿಯುದ್ದಕ್ಕೂ ಯೋಚನೆ ಮಾಡಿದ್ದು ಎಂದೇನಿಲ್ಲ, ಕೈ ತಾನಾಗಿ ಮಾಡಿತು. ಅಪ್ಪನ ಹಾಳೆಯನ್ನು ಬೆನ್ನ ಹಿಂದೆ ಹಿಡಿದು, ನನ್ನದನ್ನು ಅವರ ಮುಂದಿಟ್ಟೆ.

"ನೋಡಿ, ಇದು ನಿಮ್ದು. ಏನ್ ಹೊಡೆದಿದೀರಪ್ಪಾ! ಐದೂ ಒಂದೇ ಕಡೆ."

ಅಪ್ಪ ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ಬಹಳ ಹೊತ್ತು ನೋಡಿದರು. ಆ ಹರಕು ತೂತಿನ ಮೇಲೆ ಬೆರಳಾಡಿಸಿದರು.

"ಚೆನ್ನಾಗಿ ಹೊಡೆದಿದೀಯ ಕಣೇ."

"ನಾನಲ್ಲ, ನೀವು..."

"ಲೇ." ದನಿಯಲ್ಲಿ ಕೋಪವಿರಲಿಲ್ಲ. "ಇಷ್ಟು ವರ್ಷದಿಂದ ಹೊಡೀತಾ ಇದೀನಿ. ಕುದುರೆ ಎಳೆಯೋವಾಗ್ಲೇ ಗುಂಡು ಎಲ್ಲಿಗೆ ಹೋಯ್ತು ಅಂತ ಹೊಡೆದೋನಿಗೆ ಗೊತ್ತಾಗುತ್ತೆ. ಮೊದಲನೇದು ಕೆಳಗೆ ಎಡಕ್ಕೆ ಹೋಯ್ತು. ಎರಡನೇದು ಮೇಲೆ. ಮೂರನೇದು ಪೇಪರಿಗೇ ತಗುಲಿಲ್ಲ. ಸರಿ ತಾನೇ?"

ಬೆನ್ನ ಹಿಂದಿನ ಹಾಳೆಯಲ್ಲಿ ನಾಲ್ಕೇ ತೂತುಗಳಿದ್ದವು. ಒಂದು ಕಡಿಮೆಯೆಂದು ನಾನು ಗಮನಿಸಿರಲಿಲ್ಲ, ಅವರಿಗೆ ಎಣಿಸುವ ಅಗತ್ಯವಿರಲಿಲ್ಲ.

"ಹಂಗಾದ್ರೆ ಇಷ್ಟ್ ದಿನ?" ಎಂದೆ.

"ಇಷ್ಟ್ ದಿನಾನೂ ಗೊತ್ತಿತ್ತು." ಅಪ್ಪ ರೇಂಜಿನ ಕೊನೆಯ ಮಣ್ಣುದಿಬ್ಬದ ಕಡೆ ನೋಡುತ್ತಿದ್ದರು. "ಆ ದಾರ ಸಿಕ್ತಲ್ಲ, ಆಗ ಒಂದು ವಾರ ನಾನೂ ನಂಬಿಬಿಟ್ಟೆ."

ನನಗೆ ಅಳು ತಡೆಯಲಾಗಲಿಲ್ಲ. ನಾನು ಅಳುವುದು ಮುಗಿದ ಮೇಲೆ ಅಪ್ಪ ಕೈ ಚಾಚಿದರು. ಬೆನ್ನ ಹಿಂದಿನ ಹಾಳೆಯನ್ನು ಕೊಟ್ಟೆ. ಅದನ್ನು ಮೇಜಿನ ಮೇಲಿಟ್ಟು ಎರಡಾಗಿ ಮಡಚಲು ನೋಡಿದರು. ಅಂಚಿಗೆ ಅಂಚು ಕೂರಲಿಲ್ಲ. ನಾನು ಕೈ ಮುಂದೆ ಮಾಡಿದೆ, ಬೇಡ ಎಂದು ತಲೆಯಾಡಿಸಿದರು. ಮತ್ತೆ ಮಡಚಿದರು, ಮತ್ತೆ ಬಿಚ್ಚಿದರು. ಕೊನೆಗೆ ಸೊಟ್ಟಗೇ ನಾಲ್ಕಾಗಿ ಮಡಚಿ ಶರ್ಟಿನ ಜೇಬಿಗೆ ಹಾಕಿಕೊಂಡರು.

"ಎಷ್ಟು ನಡುಗುತ್ತೆ ಅಂತ ಡಾಕ್ಟ್ರು ಕೇಳ್ತಾರೆ" ಎಂದರು. "ಬಾಯಲ್ಲಿ ಹೇಳಕ್ಕೆ ನನ್ನ ಕೈಲಿ ಆಗಲ್ಲ. ಇದನ್ನ ತೋರಿಸ್ತೀನಿ."